ಹನ್ನೊಂದು ಸೆಕೆಂಡು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು—
ಹಾಗೆನ್ನುವವರು ಯಾರೂ
ಹ್ಯಾಂಬರ್ಗಿನ ಈ ನಾಲ್ಕನೆಯ ಮಹಡಿಗೆ ಬಂದಿಲ್ಲ.
ಇಲ್ಲಿ ಆಡಿದ ಮಾತು ಹೋಗುವುದಿಲ್ಲ.
ಐದು ವರ್ಷ ಇರುತ್ತದೆ,
ಕೆಮ್ಮು, ನಗು, ಕಪ್ಪು ಬಸಿ ತಾಗಿದ ಸದ್ದು ಸಮೇತ.

ಕಾಯುವವಳು ನಾನು, ವೀಬ್ಕೆ.
ಕೊಂಡದ್ದನ್ನಲ್ಲ, ಮಾರಿದ್ದನ್ನಲ್ಲ;
ಕೊಂಡೆ ಅಂದದ್ದನ್ನು, ಮಾರಿದೆ ಅಂದದ್ದನ್ನು.
ಕೆಳಗೆ ಕಾಲುವೆ, ಕೆಂಪು ಇಟ್ಟಿಗೆಯ ಗೋದಾಮು.
ಒಂದು ಕಾಲಕ್ಕೆ ಅಲ್ಲಿ ಕಾಫಿ ಮೂಟೆ ಇತ್ತಂತೆ,
ಈಗ ಜಮಖಾನೆ ಮಾರುತ್ತಾರೆ.
ನಮ್ಮ ಕಾಫಿಗೆ ಮೂಟೆ ಬೇಕಿಲ್ಲ.
ಜೂನ್‌ನಲ್ಲಿ ಮಾರುವುದು ಡಿಸೆಂಬರಿನದು,
ಇನ್ನೂ ಗಿಡದ ಮೇಲೆ ಹಸಿರು ಕಾಯಿ,
ಯಾವ ದೇಶದ ಗಿಡವೋ, ನೋಡಿದವರಿಲ್ಲ.
ನೋಡದ್ದಕ್ಕೇ ಇಷ್ಟು ಬರಹ:
ಕೊಂಡವನಿಗೆ ಇಪ್ಪತ್ತು ಅಕ್ಷರದ ಹೆಸರು,
ವ್ಯವಹಾರಕ್ಕೆ ಐವತ್ತೆರಡು ಅಕ್ಷರದ ಇನ್ನೊಂದು,
ಯಾವ ತಾಯಿಯೂ ಕೂಗಿ ಕರೆಯಲಾರದ ಹೆಸರುಗಳು;
ಬೆಲೆ, ಪ್ರಮಾಣ, ವೇಳೆ,
ಮರುದಿನದೊಳಗೆ ವರದಿ.
ತಪ್ಪಿದರೆ ದಂಡ,
ತಪ್ಪು ತಿದ್ದಿದರೆ ತಿದ್ದಿದ್ದಕ್ಕೂ ವರದಿ.

ವೇಳೆಯೂ ಈ ಊರಿನದಲ್ಲ.
ಬೇಸಿಗೆಯಲ್ಲಿ ಚರ್ಚಿನ ಗಡಿಯಾರ ನಾಲ್ಕು ಹೊಡೆದರೆ
ದಾಖಲೆಯಲ್ಲಿ ಎರಡು.
ಹಿನ್ನೆರ್ಕ್ ಗೇಲಿ ಮಾಡುತ್ತಿದ್ದ:
"ನಿನ್ನ ಲೆಕ್ಕದಲ್ಲಿ ನಾನಿನ್ನೂ ಊಟಕ್ಕೇ ಹೋಗಿಲ್ಲ ವೀಬ್ಕೆ,
ನಡಿ, ಇನ್ನೊಮ್ಮೆ ತಿನ್ನೋಣ."

ಅವನದೊಂದು ಕರೆ ಇದೆ.
ಜೂನ್ ಹದಿನೆಂಟು, ಮಂಗಳವಾರ.
ಆ ಕಡೆ ತ್ರಿಯೆಸ್ತೆಯಲ್ಲಿ ಕಾಫಿ ಹುರಿಸುವ ನೆರೀನಾ ಫುರ್ಲಾನ್.
ನಲವತ್ತು ಲಾಟು.
ಬೆಲೆ ಹೇಳುತ್ತಾನೆ.
ಅವಳು ಸುಮ್ಮನಿರುತ್ತಾಳೆ.
ಅವನೂ.
ಎಲ್ಬೆಯ ಮೇಲೆ ಯಾವುದೋ ಹಡಗು ಕೂಗುತ್ತದೆ,
ಉದ್ದಕ್ಕೆ, ಓಗೊಡುವವರಿಲ್ಲದೆ.
ಅದು ನಿಲ್ಲುವ ತನಕ ಕಾಯುತ್ತಾನೆ.
ಹನ್ನೊಂದು ಸೆಕೆಂಡು.
ಆಮೇಲೆ ಅವಳು, "ಆಯಿತು."
ಇವನು, "ಆಯಿತು."
ಆಯಿತು ಎಂಬುದಕ್ಕೆ ಕಾಲಂ ಇದೆ.
ಹನ್ನೊಂದು ಸೆಕೆಂಡಿಗೆ ಇಲ್ಲ.

ಆ ನವೆಂಬರಿನಲ್ಲಿ ಅವನು ಹೋದ,
ಮನೆಯ ಮೆಟ್ಟಿಲ ಮೇಲೆ, ಕೈಯಲ್ಲಿ ಸೈಕಲ್ಲಿನ ಬೀಗ.
ಹೆಂಡತಿ ಟೋಮ್ಕೆ ಒಮ್ಮೆ ಬಂದು ಕೇಳಿದಳು:
ಮನೆಯಲ್ಲಿ ಫೋಟೋ ಇವೆ, ದನಿ ಇಲ್ಲ,
ಒಂದು ತುಣುಕು ಕೊಡಿ,
ಬರೀ ಬೆಲೆ ಹೇಳುವುದಾದರೂ ಸರಿ.
ಕೊಡುವ ಹಾಗಿಲ್ಲ ಅಂದೆ.
ನಿಯಮ ಓದಿ ಹೇಳಿದೆ, ಕಲಮು ಉಪಕಲಮು ಸಮೇತ.
ಅವಳು ಛತ್ರಿ ಮರೆತು ಹೋದಳು.
ಅದು ಇನ್ನೂ ಇಲ್ಲೇ ಇದೆ. ಛತ್ರಿಗೆ ಗಡುವಿಲ್ಲ.

ಇವತ್ತಿಗೆ ಅವನ ಐದು ವರ್ಷ ಮುಗಿಯಿತು.
ಯಾರಾದರೂ ಅಧಿಕಾರಿ ಒಂದು ಸಾಲು ಬರೆದಿದ್ದರೆ ಸಾಕಿತ್ತು,
ಈ ಕರೆಯ ಬಗ್ಗೆ ಅನುಮಾನವಿದೆ ಎಂದು,
ಏಳಕ್ಕೆ ಏರುತ್ತಿತ್ತು.
ವಾರವೆಲ್ಲ ಟಪಾಲು ನೋಡುತ್ತಾ ಕೂತೆ.
ನಾಚಿಕೆ ಬಿಟ್ಟು ಬಯಸಿದೆ
ಅವನದೊಂದು ಸಣ್ಣ ಮೋಸ,
ಕಾಸಿನಷ್ಟು ಕಳವು, ಏನಾದರೂ.
ಮೂರನೆಯ ಮೇಜಿನ ಬ್ರೋಡರ್‌ಸೆನ್ ದರ ತಿರುಚಿದವ,
ಅವನ ಒಂದೊಂದು ಆಕಳಿಕೆಯೂ ಭದ್ರ,
ಏಳು ವರ್ಷ, ಎರಡೆರಡು ಪ್ರತಿ.
ನೆಟ್ಟಗೆ ಬಾಳಿದವನಿಗೆ ಐದೇ.

ಕಾಗದ ಬರಲಿಲ್ಲ.

ಕೊನೆಯ ಸಲ ಕೇಳಿದೆ.
ಕೇಳಿದ್ದಕ್ಕೂ ದಾಖಲೆ ಬೇಕು: ಯಾರು, ಯಾವಾಗ, ಏಕೆ.
ಏಕೆ ಎಂಬಲ್ಲಿ ತಪಾಸಣೆ ಎಂದು ಬರೆದೆ.
ಹನ್ನೆರಡು ವರ್ಷದ ಕೆಲಸದಲ್ಲಿ ನನ್ನ ಮೊದಲ ಸುಳ್ಳು.
ಇರಲಿ, ಅದೂ ಐದು ವರ್ಷ.

ಬೆಲೆ. ಹಡಗು. ಆಯಿತು. ಆಯಿತು.
ಗುಂಡಿ ಒತ್ತಿದೆ.
ಹೊರಗೆ ಚರ್ಚು ನಾಲ್ಕು ಹೊಡೆಯಿತು.
ಪರದೆ ತನ್ನಷ್ಟಕ್ಕೆ ಬರೆದುಕೊಂಡಿತು:
ಅಳಿಸಲಾಗಿದೆ, ಎರಡು ಗಂಟೆಗೆ.

ಎರಡು ಗಂಟೆಗೆ ನಾನು ಕಾಲುವೆಯ ಕಟ್ಟೆ ಮೇಲೆ
ಮೀನಿನ ಬನ್ನು ತಿನ್ನುತ್ತಿದ್ದೆ,
ಕಾಲಡಿಯಲ್ಲಿ ಚೂರಿಗೆ ಕಾದ ಕಡಲಹಕ್ಕಿ.
ಹಾಗಾದರೆ ಮೂರೂಮುಕ್ಕಾಲಿಗೆ ನನ್ನ ಕಿವಿಯೊಳಗೆ
ಹಡಗು ಕೂಗಿ ಮುಗಿಸಲೆಂದು
ಕಾದು ನಿಂತವನು ಯಾರು?